ಚಿಕಾಗೋಗೆ ಹೋದ ಕಾಗದ ಭದ್ರವಾಗಿದೆ, ಅಲ್ಲಿಂದ ಬಂದದ್ದು ಎಲ್ಲಿ?

ಯಲಿಯೂರು: ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತೆ. ಒಳಗೆ ಹಳೇ ಪಹಣಿ, ಕಂದಾಯದ ರಸೀದಿ, ಲಗ್ನಪತ್ರಿಕೆ, ಸೊಸೈಟಿ ಪಾಸ್‌ಬುಕ್ಕು. ಅದರಡಿ ದಾರ ಸುತ್ತಿದ ಒಂದು ಕಟ್ಟು ಕಾಗದ. ಪಹಣಿ, ರಸೀದಿ ಮತ್ತೆ ಟ್ರಂಕಿಗೇ ಹೋಗುತ್ತವೆ, ಯಾಕಂದ್ರೆ ನಾಳೆ ತಾಲ್ಲೂಕು ಕಚೇರಿಗೋ ಕೋರ್ಟಿಗೋ ಬೇಕಾಗಬಹುದು. ಕಾಗದದ ಕಟ್ಟು ಮಾತ್ರ ಹಳೇ ಪೇಪರಿನ ಜೊತೆ ಗುಜರಿಗೆ. ತಕ್ಕಡಿಗೆ ಏನು ಗೊತ್ತು, ಅದಕ್ಕೆ ಎಲ್ಲಾ ಒಂದೇ ರೇಟು.

ಈ ಲೇಖನ ಆ ಕಟ್ಟಿನ ಬಗ್ಗೆ. ವಿಷಯ ತಿಳಿಯೋಕೆ ಅಂತ ಒಬ್ಬ ದೊಡ್ಡ ಲೇಖಕರ ಉದಾಹರಣೆ ತೆಗೆದುಕೊಂಡಿದ್ದೇವೆ. ಮೈಸೂರಿನಲ್ಲಿ ಹುಟ್ಟಿ, ಬದುಕಿನ ಅರ್ಧ ಭಾಗವನ್ನು ಅಮೆರಿಕದಲ್ಲಿ ಕಳೆದು, ಅಲ್ಲೇ ಕೂತು ಕನ್ನಡದಲ್ಲಿ ಬರೆದು ಪೋಸ್ಟಿನಲ್ಲಿ ಕಳಿಸುತ್ತಿದ್ದ ಎ.ಕೆ. ರಾಮಾನುಜನ್.

ಯಾರು ಈ ರಾಮಾನುಜನ್?

ಮೊದಲೇ ಹೇಳಿಬಿಡ್ತೀವಿ, ಗಣಿತದ ರಾಮಾನುಜನ್ ಅಲ್ಲ. ಅವರು ಶ್ರೀನಿವಾಸ ರಾಮಾನುಜನ್, ತಮಿಳುನಾಡಿನವರು. ಇವರು ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್. ತಮಾಷೆ ಅಂದ್ರೆ ಇವರ ತಂದೆ ಎ.ಎ. ಕೃಷ್ಣಸ್ವಾಮಿ ಅಯ್ಯಂಗಾರ್ ಮೈಸೂರಿನಲ್ಲಿ ಗಣಿತದ ಪ್ರೊಫೆಸರ್ ಆಗಿದ್ದರು. ಮಗ ಹಿಡಿದದ್ದು ಭಾಷೆಯ ದಾರಿ.

ಹುಟ್ಟಿದ್ದು 1929ರ ಮಾರ್ಚ್ 16. ಮನೆಯಲ್ಲಿ ತಾಯಿಯ ಜೊತೆ ತಮಿಳು, ಮಹಡಿಯ ಮೇಲೆ ತಂದೆಯ ಕೋಣೆಯಲ್ಲಿ ಇಂಗ್ಲಿಷ್, ಬೀದಿಗೆ ಇಳಿದರೆ ಕನ್ನಡ. ಓದಿದ್ದು ಮಹಾರಾಜ ಕಾಲೇಜಿನಲ್ಲಿ. ಬೆಳಗಾವಿ, ಬರೋಡ ಅಂತ ಮೇಷ್ಟ್ರಾಗಿ ಊರೂರು ಸುತ್ತಿ, 1959ರಲ್ಲಿ ಸ್ಕಾಲರ್‌ಶಿಪ್ ಮೇಲೆ ಹಡಗು ಹತ್ತಿ ಅಮೆರಿಕಕ್ಕೆ ಹೋದರು. 1962ರಿಂದ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ. 1993ರ ಜುಲೈ 13ರಂದು ತೀರಿಕೊಂಡದ್ದೂ ಅದೇ ಊರಿನಲ್ಲಿ.

ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮ ಈ ನಾಲ್ವರ ವಚನಗಳನ್ನು 1973ರಲ್ಲಿ ಇಂಗ್ಲಿಷ್‌ಗೆ ತಂದು ಪ್ರಪಂಚಕ್ಕೆ ಓದಿಸಿದವರು ಇವರೇ. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಅಮೆರಿಕದ ದೊಡ್ಡ ಗೌರವವಾದ ಮ್ಯಾಕ್‌ಆರ್ಥರ್ ಫೆಲೋಶಿಪ್. ಇಷ್ಟಾದರೂ ನಮ್ಮ ಕಡೆ ಹೆಸರು ಹೇಳಿದರೆ ಹತ್ತರಲ್ಲಿ ಎಂಟು ಜನ "ಗಣಿತದವರಾ?" ಅಂತಾರೆ. ಅದಕ್ಕೇ ಮೇಲೆ ಅಷ್ಟು ಬಿಡಿಸಿ ಹೇಳಿದ್ದು.

ಕಾಗದ ಹೋಗುತ್ತಿದ್ದ ದಾರಿ

ಈಗ ಅಮೆರಿಕದಲ್ಲಿರೋ ಮಗ ಬೆಳಿಗ್ಗೆ ಏನು ತಿಂಡಿ ತಿಂದ ಅಂತ ಇಲ್ಲಿ ಅವ್ವನಿಗೆ ಅವನು ಕೈ ತೊಳೆಯೋ ಹೊತ್ತಿಗೆ ಗೊತ್ತಾಗಿರುತ್ತೆ. 1960ರ ದಶಕದಲ್ಲಿ ಹಾಗಿರಲಿಲ್ಲ. ಫೋನು ಇದ್ದ ಮನೆಗಳೇ ಕಮ್ಮಿ. ಇದ್ದರೂ ಹೊರದೇಶಕ್ಕೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು, ಮೂರು ನಿಮಿಷದ ಮಾತಿಗೆ ಸಂಬಳದ ಲೆಕ್ಕ ಹಾಕಬೇಕು. ಟೆಲಿಗ್ರಾಂ ಇತ್ತು. ಆದರೆ ತಂತಿ ಬಂತು ಅಂದ್ರೆ ಒಡೆಯೋ ಮೊದಲೇ ಮನೆಯಲ್ಲಿ ಅಳು ಶುರು. (ಆ ತಂತಿ ಸೇವೆಯೂ 2013ರ ಜುಲೈನಲ್ಲಿ ನಿಂತುಹೋಯಿತು.)

ಹಾಗಾಗಿ ದಿನದಿನದ ಮಾತೆಲ್ಲ ಹೋಗುತ್ತಿದ್ದುದು ಏರೋಗ್ರಾಮ್‌ನಲ್ಲಿ. ನಮ್ಮ ಇನ್‌ಲ್ಯಾಂಡ್ ಲೆಟರ್ ನೋಡಿದವರಿಗೆ ಬೇಗ ಅರ್ಥವಾಗುತ್ತೆ. ಅದರದೇ ಜಾತಿ, ಹೊರದೇಶಕ್ಕೆ ಹೋಗುವಂಥದ್ದು. ತೆಳು ಹಾಳೆ, ಅದರ ಮೇಲೇ ಅಚ್ಚಾದ ಸ್ಟಾಂಪು. ಬರೆದು, ಮಡಚಿ, ಅಂಚಿಗೆ ಗೋಂದು ಸವರಿ ಅಂಟಿಸಿದರೆ ಅದೇ ಕವರು. ಒಳಗೆ ಬೇರೆ ಏನನ್ನೂ ಇಡುವ ಹಾಗಿಲ್ಲ. ಫೋಟೊ ಇಲ್ಲ, ಇನ್ನೊಂದು ಚೀಟಿ ಇಲ್ಲ, ದೇವಸ್ಥಾನದ ಕುಂಕುಮವೂ ಇಲ್ಲ. ತೂಕ ಹೆಚ್ಚಾದರೆ ವಿಮಾನದ ಖರ್ಚು ಹೆಚ್ಚು, ಅದಕ್ಕೆ ಈ ಕಟ್ಟುನಿಟ್ಟು.

ಒಂದು ಹಾಳೆಯಲ್ಲೇ ಎಲ್ಲಾ ಮುಗಿಸಬೇಕು ಅಂದಮೇಲೆ ಜನ ಮೊದಲು ದಪ್ಪಗೆ ಬರೆದು, ಆಮೇಲೆ ಸಣ್ಣಗೆ ಬರೆದು, ಕೊನೆಗೆ ಅಂಚಿನಲ್ಲಿ ಅಡ್ಡಡ್ಡ ಬರೆಯುತ್ತಿದ್ದರು. ಮುಖ್ಯವಾದ ಮಾತು ಯಾವಾಗಲೂ ಆ ಅಂಚಿನಲ್ಲೇ ಇರುತ್ತೆ. "ಮರೆತಿದ್ದೆ, ಮಾವನಿಗೆ ಹುಷಾರಿಲ್ಲ" ಅನ್ನೋ ಥರದ್ದು.

ವಿಳಾಸವೂ ಬೇರೆ. ಪಿನ್‌ಕೋಡ್ ಬಂದದ್ದು 1972ರಲ್ಲಿ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಅದಕ್ಕೂ ಮುಂಚಿನ ಕಾಗದಗಳ ಮೇಲೆ ಮೈಸೂರು ರಾಜ್ಯ, ದಕ್ಷಿಣ ಭಾರತ ಅಂತಲೇ ಇರುತ್ತೆ. ಟಪಾಲು ಚೀಲಗಳು ಊರಿಂದ ಊರಿಗೆ ಓಡಾಡುತ್ತಿದ್ದುದು ಹೆಚ್ಚಾಗಿ ರೈಲಿನಲ್ಲಿ. ಬೆಂಗಳೂರು–ಮೈಸೂರು ಲೈನು ನಮ್ಮ ಯಲಿಯೂರು ಸ್ಟೇಷನ್ ಮೇಲೇ ಹೋಗೋದು. ಚಿಕಾಗೋದಿಂದ ಮೈಸೂರಿಗೆ ಬಂದ ಎಷ್ಟೋ ಕಾಗದ ನಮ್ಮ ಕಬ್ಬಿನ ಗದ್ದೆ ಪಕ್ಕದಲ್ಲೇ ಹಾದು ಹೋಗಿರಬೇಕು. ಇಲ್ಲಿ ಯಾರಿಗೂ ಗೊತ್ತಾಗಿರಲ್ಲ ಅಷ್ಟೆ.

ಧಾರವಾಡದ ಅಟ್ಟಕ್ಕೆ ಬಂದ ಪಾರ್ಸೆಲ್

ಹೊರದೇಶದಲ್ಲಿರೋ ಲೇಖಕನಿಗೆ ಪೋಸ್ಟು ಅಂದ್ರೆ ಬರೀ ಕ್ಷೇಮಸಮಾಚಾರ ಅಲ್ಲ, ಅವನ ಕಸುಬೇ ಅದರ ಮೇಲೆ ನಿಂತಿತ್ತು. ರಾಮಾನುಜನ್ ಅವರ ಮೊದಲ ಕನ್ನಡ ಕವನ ಸಂಕಲನ 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ ಬಂತು. ಆಮೇಲೆ 1977ರಲ್ಲಿ 'ಮತ್ತು ಇತರ ಪದ್ಯಗಳು', 1978ರಲ್ಲಿ ಕಾದಂಬರಿ 'ಮತ್ತೊಬ್ಬನ ಆತ್ಮಚರಿತ್ರೆ', 1990ರಲ್ಲಿ 'ಕುಂಟೋಬಿಲ್ಲೆ'. ನಾಲ್ಕನ್ನೂ ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲಾ. ಬರೆದವರು ಚಿಕಾಗೋದಲ್ಲಿ, ಅಚ್ಚು ಹಾಕಿಸಿದವರು ಧಾರವಾಡದಲ್ಲಿ.

ಆ ಗ್ರಂಥಮಾಲೆಯ ಬಗ್ಗೆ ನಮ್ಮ ಅಂಗಡಿಯವರಿಗೆ ಒಂದು ಮಾತು ಹೇಳಲೇಬೇಕು. 1933ರಲ್ಲಿ ಶುರುವಾದ ಸಂಸ್ಥೆ. ಸುಭಾಸ್ ರಸ್ತೆಯ ಕಟ್ಟಡವೊಂದರ ಮೇಲಿನ ಸಣ್ಣ ಜಾಗ, ಸಾಹಿತಿಗಳ ಬಾಯಲ್ಲಿ ಅದು 'ಅಟ್ಟ'. ಚಂದಾದಾರರಿಂದ ಮೊದಲೇ ದುಡ್ಡು ತಗೊಂಡು ವರ್ಷಕ್ಕಿಷ್ಟು ಪುಸ್ತಕ ಅಂತ ಮನೆಗೆ ಕಳಿಸುವ ವ್ಯವಸ್ಥೆ. ಒಂಥರಾ ಚೀಟಿ ವ್ಯವಹಾರದ ಹಾಗೆ, ಆದರೆ ಕೈಗೆ ಬರೋದು ಪುಸ್ತಕ. ಜಿ.ಬಿ. ಜೋಶಿ ಅನ್ನೋರು ಅದನ್ನು ನಡೆಸುತ್ತಿದ್ದರು, ಕೀರ್ತಿನಾಥ ಕುರ್ತಕೋಟಿ ಸಲಹೆಗಾರರು.

ಆ ಅಟ್ಟಕ್ಕೆ ಹೊರದೇಶದ ನಂಟು ಇದ್ದದ್ದು ರಾಮಾನುಜನ್ ಒಬ್ಬರಿಂದಲೇ ಅಲ್ಲ. ಗಿರೀಶ ಕಾರ್ನಾಡರು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗಲೇ, 1961ರಲ್ಲಿ, ಅವರ 'ಯಯಾತಿ' ಪ್ರಕಟಿಸಿದ್ದು ಇದೇ ಗ್ರಂಥಮಾಲೆ. ಯು.ಆರ್. ಅನಂತಮೂರ್ತಿ 1963ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಪಿಎಚ್.ಡಿ ಮಾಡಲು ಹೋದರು. ದಿನವಿಡೀ ಇಂಗ್ಲಿಷ್ ಮಾತಾಡಿ ಸಾಕಾಗಿ, ಅಲ್ಲಿನ ಚಳಿಯಲ್ಲಿ ಕೂತು ತೀರ್ಥಹಳ್ಳಿ ಕಡೆಯ ಒಂದು ಅಗ್ರಹಾರದ ಕಥೆ ಬರೆದರು. ಅದೇ 'ಸಂಸ್ಕಾರ', 1965ರಲ್ಲಿ ಪ್ರಕಟ. ಅದನ್ನು ಇಂಗ್ಲಿಷ್‌ಗೆ ಮಾಡಿದವರು ಚಿಕಾಗೋದಲ್ಲಿದ್ದ ರಾಮಾನುಜನ್, 1976ರಲ್ಲಿ. ಈಗ ಲೆಕ್ಕ ಹಾಕಿ: ಬರೆದದ್ದು ಬರ್ಮಿಂಗ್‌ಹ್ಯಾಮ್, ಪುಸ್ತಕವಾದದ್ದು ಧಾರವಾಡ, ಅನುವಾದ ಚಿಕಾಗೋ, ಇಂಗ್ಲಿಷ್ ಪುಸ್ತಕ ಬಂದದ್ದು ದೆಹಲಿ. ಇಮೇಲ್ ಅನ್ನೋ ಪದ ಯಾರೂ ಕೇಳಿರದ ಕಾಲ. ನಡುವೆ ಓಡಾಡಿದ್ದು ಪೋಸ್ಟ್‌ಮ್ಯಾನ್ ಸೈಕಲ್ಲು.

ಎಲ್ಲರೂ ಕ್ಷೇಮ ಅನ್ನೋ ಸುಳ್ಳು

ಹಳೇ ಕಾಗದಗಳ ತಲೆಯ ಮೇಲೆ ಉ.ಕು.ಸಾಂ. ಅಂತ ಇರೋದನ್ನ ನೋಡಿದ್ದೀರಾ? ಉಭಯ ಕುಶಲೋಪರಿ ಸಾಂಪ್ರತ. ಅಲ್ಲಿ ನೀವು, ಇಲ್ಲಿ ನಾವು ಚೆನ್ನಾಗಿದ್ದೇವೆ, ಈಗ ವಿಷಯಕ್ಕೆ ಬರೋಣ ಅಂತ ಅರ್ಥ. ಚೆನ್ನಾಗಿ ಇಲ್ಲದಿದ್ದರೂ ಅದನ್ನೇ ಬರೀತಿದ್ದರು.

ರಾಮಾನುಜನ್ ಇದನ್ನೇ ಹಿಡಿದು ಕನ್ನಡದಲ್ಲಿ ಒಂದು ಸಣ್ಣಕಥೆ ಬರೆದಿದ್ದಾರೆ, ಹೆಸರು 'ಅಣ್ಣಯ್ಯನ ಮಾನವಶಾಸ್ತ್ರ'. ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು, ಮಾನವಶಾಸ್ತ್ರ ಅಂದ್ರೆ ಏನೋ ಎಂತೋ ಅಂತ ಹೆದರಿಕೊಂಡೇ ಓದಿದ್ದು. ಹೆದರೋ ಅಗತ್ಯ ಇರಲಿಲ್ಲ. ನಮ್ಮ ನಿಮ್ಮ ಮನೆಯ ಕಥೆ.

ಅಣ್ಣಯ್ಯ ಮೈಸೂರಿನ ಬ್ರಾಹ್ಮಣರ ಮನೆ ಹುಡುಗ, ಚಿಕಾಗೋದಲ್ಲಿರುತ್ತಾನೆ. ಊರಲ್ಲಿದ್ದಾಗ ಮಡಿ, ಮೈಲಿಗೆ, ಸಂಪ್ರದಾಯ ಅಂದ್ರೆ ಅವನಿಗೆ ಅಷ್ಟಕ್ಕಷ್ಟೆ. ಅಲ್ಲಿಗೆ ಹೋದ ಮೇಲೆ ನಮ್ಮ ದೇಶದ ಬಗ್ಗೆ ಅಮೆರಿಕದವರು ಬರೆದ ಪುಸ್ತಕಗಳನ್ನು ಹುಡುಕಿ ಹುಡುಕಿ ಓದುತ್ತಾನೆ. ಒಂದು ದಿನ ಹೊಸ ಪುಸ್ತಕ ಸಿಗುತ್ತೆ, ಹಿಂದೂಗಳ ಆಚಾರ ವಿಚಾರದ ಮೇಲೆ. ಬರೆದವನು ಅಮೆರಿಕನ್. ಫೋಟೊಗಳಿಗೆ ಸಹಾಯ ಮಾಡಿದ್ದು ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟಿರುವ, ಅಣ್ಣಯ್ಯನಿಗೆ ಸಂಬಂಧಿಕನೇ ಆಗಬೇಕಾದವನು. ಪುಟ ತಿರುಗಿಸಿದರೆ ತನ್ನದೇ ಮನೆ, ತನ್ನವರೇ. ಸಂತೋಷವಾಗುತ್ತೆ. ಮುಂದೆ ಹೋದರೆ ಉತ್ತರಕ್ರಿಯೆಯ ಅಧ್ಯಾಯ. ಅಲ್ಲಿ ಚಿತೆಯ ಫೋಟೊ. ಮಲಗಿರುವ ಮುಖ ತನ್ನ ತಂದೆಯದು. ಇನ್ನೂ ಮುಂದೆ ಹೋದರೆ ತಲೆ ಬೋಳಿಸಿಕೊಂಡ ವಿಧವೆಯ ಫೋಟೊ, ತಾಯಿಯದು.

ಅಪ್ಪ ಸತ್ತ ಸುದ್ದಿ ಅವನಿಗೆ ಯಾರೂ ಬರೆದಿರುವುದಿಲ್ಲ. ದೂರದೇಶದಲ್ಲಿ ಒಬ್ಬನೇ ಇರುವ ಹುಡುಗ, ಎದೆ ಒಡೆದುಕೊಂಡಾನು ಅಂತ ಮುಚ್ಚಿಟ್ಟಿರುತ್ತಾರೆ. ಹತ್ತು ಸಾವಿರ ಕಿಲೋಮೀಟರಿಗೂ ಆಚೆ, ಲೈಬ್ರರಿಯ ಪುಸ್ತಕವೊಂದು ಅವನಿಗೆ ಆ ಸುದ್ದಿ ಹೇಳುತ್ತೆ.

ಇದು ಕಥೆ. ರಾಮಾನುಜನ್ ಅವರ ಸ್ವಂತ ತಂದೆ ತೀರಿಕೊಂಡದ್ದು 1953ರಲ್ಲಿ, ಇವರು ಇನ್ನೂ ಇಲ್ಲೇ ಇದ್ದಾಗ. ಆದರೆ ಲೈಬ್ರರಿಯಲ್ಲಿ ತನ್ನದೇ ಮನೆ ಸಿಗುವ ಅನುಭವ ಅವರಿಗೆ ಇನ್ನೊಂದು ರೀತಿ ಆಗಿತ್ತು. 1962ರಲ್ಲಿ ಚಿಕಾಗೋದ ಲೈಬ್ರರಿಯೊಂದರ ನೆಲಮಾಳಿಗೆಯಲ್ಲಿ ಏನೋ ಹುಡುಕುತ್ತಿದ್ದಾಗ ಸಂಗಂ ಕಾಲದ ಹಳೇ ತಮಿಳು ಕವಿತೆಗಳ ಪುಸ್ತಕ ಕೈಗೆ ಸಿಕ್ಕಿತು. ಮನೆಯಲ್ಲಿ ತಾಯಿ ಆಡುತ್ತಿದ್ದ ಭಾಷೆಯ ಎರಡು ಸಾವಿರ ವರ್ಷ ಹಿಂದಿನ ಕವಿತೆ, ಅದನ್ನು ಓದಲು ಅಮೆರಿಕಕ್ಕೆ ಹೋಗಬೇಕಾಯಿತು. 1967ರಲ್ಲಿ ಅವುಗಳ ಇಂಗ್ಲಿಷ್ ಅನುವಾದ ಪ್ರಕಟಿಸಿದರು.

ಅಣ್ಣಯ್ಯನ ಮನೆಯವರು ಮಾಡಿದ್ದು ನಮ್ಮ ಕಡೆ ಹೊಸದೇನಲ್ಲ. ಗಲ್ಫಿಗೆ ಹೋದವರ ಮನೆಗಳಲ್ಲಿ, ಮಿಲಿಟರಿಗೆ ಹೋದವರ ಮನೆಗಳಲ್ಲಿ "ಅವನಿಗೆ ಈಗಲೇ ಹೇಳಬ್ಯಾಡಿ, ರಜಾ ಸಿಗಲ್ಲ, ಸುಮ್ನೆ ಸಂಕಟ" ಅನ್ನೋ ಮಾತು ಕೇಳಿಯೇ ಇರ್ತೀರಿ. ತಿಥಿ ಕಾರ್ಡು ಬಂದರೆ ಓದಿ ಹರಿದು ಹೊರಗೆ ಹಾಕೋ ಪದ್ಧತಿ ನಮ್ಮದು, ಮನೆಯಲ್ಲಿ ಇಟ್ಟುಕೊಳ್ಳಲ್ಲ. ಅಂದರೆ ಸಾವಿನ ಸುದ್ದಿ ಕಾಗದದಲ್ಲಿ ಬರೆಯೋದೇ ಕಮ್ಮಿ, ಬರೆದರೂ ಉಳಿಯೋದು ಇನ್ನೂ ಕಮ್ಮಿ. ಕಟ್ಟಿನಲ್ಲಿ ಉಳಿಯೋದೆಲ್ಲ 'ಎಲ್ಲರೂ ಕ್ಷೇಮ'. ಹಳೇ ಕಾಗದ ಓದುವಾಗ ಇದು ತಲೆಯಲ್ಲಿರಬೇಕು. ತಾರೀಖು ನೋಡಿ, ಆ ತಿಂಗಳು ಮನೆಯಲ್ಲಿ ನಿಜವಾಗಿ ಏನಾಗಿತ್ತು ಅಂತ ಹಿರಿಯರನ್ನು ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಆ ಕಾಗದ ಪೂರ್ತಿ ಓದಿದ ಹಾಗೆ.

ಅರ್ಧ ಅಲ್ಲಿ, ಅರ್ಧ ಇಲ್ಲಿ

ರಾಮಾನುಜನ್ ತೀರಿಕೊಂಡ ಮೇಲೆ ಅವರ ಕಾಗದಪತ್ರವೆಲ್ಲ ಚಿಕಾಗೋ ವಿಶ್ವವಿದ್ಯಾಲಯದ ಲೈಬ್ರರಿ ಸೇರಿತು. ದಿನಚರಿ, ಪದ್ಯಗಳ ಕರಡು, ಪಾಠದ ಟಿಪ್ಪಣಿ, ಪತ್ರಗಳು, ಎಲ್ಲಾ ಪೆಟ್ಟಿಗೆ ಪೆಟ್ಟಿಗೆ ನಂಬರ್ ಹಾಕಿ ಇಟ್ಟಿದ್ದಾರೆ. ಯಾವ ಪೆಟ್ಟಿಗೆಯಲ್ಲಿ ಏನಿದೆ ಅನ್ನೋದಕ್ಕೆ ಪಟ್ಟಿ ಇದೆ. ಅದರಿಂದಲೇ ಅವರ ಮಗ ಕೃಷ್ಣ ರಾಮಾನುಜನ್ ಮತ್ತು ಗಿಯೆರ್ಮೊ ರೊಡ್ರಿಗಸ್ ಅನ್ನೋ ವಿದ್ವಾಂಸರು ಸೇರಿ 2019ರಲ್ಲಿ ದಿನಚರಿಯ ಪುಸ್ತಕ ತಂದರು. 1959ರ ಹಡಗು ಪ್ರಯಾಣದ ಟಿಪ್ಪಣಿಗಳೂ ಅದರಲ್ಲಿವೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಯೋಚಿಸಿರುವುದಿಲ್ಲ. ಒಬ್ಬರ ಮನೆಯಲ್ಲಿ ಇರೋದು ಅವರಿಗೆ ಬಂದ ಕಾಗದ. ಅವರು ಬರೆದ ಕಾಗದ ಅವರ ಹತ್ತಿರ ಇರಲ್ಲ, ಪೋಸ್ಟಿಗೆ ಹಾಕಿಬಿಟ್ಟಿರ್ತಾರೆ. ಟೈಪ್ ಮಾಡಿ ಕಾರ್ಬನ್ ಕಾಪಿ ಇಟ್ಟುಕೊಂಡಿದ್ದರೆ ಬೇರೆ ಮಾತು. ಏರೋಗ್ರಾಮ್‌ನಲ್ಲಿ ಕೈಯಲ್ಲಿ ಬರೆದದ್ದಕ್ಕೆ ಎಲ್ಲಿಯ ಕಾರ್ಬನ್ನು? ಹಾಗಾಗಿ ಚಿಕಾಗೋದಲ್ಲಿ ಸಿಗೋದು ಹೆಚ್ಚಾಗಿ ಮೈಸೂರು, ಧಾರವಾಡ, ಬೆಂಗಳೂರಿನವರು ರಾಮಾನುಜನ್‌ಗೆ ಬರೆದದ್ದು. ರಾಮಾನುಜನ್ ಬರೆದದ್ದು ಇರಬೇಕಾದ್ದು ಇಲ್ಲಿ, ಕಾಗದ ಬಂದವರ ಮನೆಗಳಲ್ಲಿ. ಅವರ ಜೊತೆ ಓದಿದವರು, ಅವರ ಹತ್ತಿರ ಪಾಠ ಕೇಳಿದವರು, ಜನಪದ ಕಥೆ ಸಂಗ್ರಹಕ್ಕೆ ನೆರವಾದವರು. ಮಹಾರಾಜ ಕಾಲೇಜಿನಲ್ಲಿ ಓದಿದ ನಮ್ಮ ಜಿಲ್ಲೆಯವರೇ ಎಷ್ಟು ಜನ ಇಲ್ಲ? ಆ ತಲೆಮಾರು ಈಗ ಎಂಬತ್ತು ತೊಂಬತ್ತರ ಆಸುಪಾಸು. ಅವರ ಟ್ರಂಕು ಮಕ್ಕಳ ಕೈಗೆ ಬರುವ ಹೊತ್ತು ಇದು. ಗುಜರಿಗೆ ಹೋಗುವ ಹೊತ್ತೂ ಇದೇ.

ಆರ್.ಕೆ. ನಾರಾಯಣ್ ವಿಷಯದಲ್ಲಿ ಇದೇ ಕಥೆ ತಿರುಗಾಮುರುಗ. ನಾರಾಯಣ್ ಇದ್ದದ್ದು ಮೈಸೂರಿನಲ್ಲಿ, ಅವರ ಬೆನ್ನಿಗೆ ನಿಂತ ಗ್ರಹಾಂ ಗ್ರೀನ್ ಇದ್ದದ್ದು ಇಂಗ್ಲೆಂಡಿನಲ್ಲಿ. ಪ್ರಕಾಶಕರೆಲ್ಲ ವಾಪಸ್ ಕಳಿಸಿದ ಮೊದಲ ಕಾದಂಬರಿಯ ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಅಂತ ನಾರಾಯಣ್ ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯನಿಗೆ ಬರೆದಿದ್ದರು. ಗೆಳೆಯ ಹಾಗೆ ಮಾಡದೆ ಗ್ರೀನ್ ಕೈಗೆ ಕೊಟ್ಟ. 1935ರಲ್ಲಿ ಪುಸ್ತಕವಾಯಿತು, ಅದೇ ನಮ್ಮ ಟಿವಿಯಲ್ಲಿ ಬಂದ 'ಮಾಲ್ಗುಡಿ ಡೇಸ್'ನ ಸ್ವಾಮಿಯ ಕಥೆ. ಗ್ರೀನ್ ಮತ್ತು ನಾರಾಯಣ್ ಮೊದಲ ಸಲ ಮುಖ ನೋಡಿಕೊಂಡದ್ದು 1956ರಲ್ಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬರೀ ಕಾಗದದ ಮೇಲಿನ ಸ್ನೇಹ. ಗ್ರೀನ್ ಅವರ ಕಾಗದಪತ್ರಗಳ ದೊಡ್ಡ ಸಂಗ್ರಹ ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿದೆ. ಇತ್ತ ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಇದ್ದ ಮನೆಯನ್ನೇ 2011ರಲ್ಲಿ ಕೆಡವಲು ಶುರು ಮಾಡಿದ್ದರು. ಸುದ್ದಿಯಾಗಿ, ಗಲಾಟೆಯಾಗಿ, ಕೆಲಸ ನಿಂತು, 2016ರಲ್ಲಿ ಅದು ಮ್ಯೂಸಿಯಂ ಆಯಿತು. ಮನೆ ಅಷ್ಟು ದೊಡ್ಡದು, ಕಣ್ಣಿಗೆ ಕಾಣಿಸ್ತು. ಕಾಗದದ ಕಟ್ಟು ಯಾರ ಕಣ್ಣಿಗೂ ಬೀಳಲ್ಲ.

ಇದು ಬರೀ ದೊಡ್ಡವರ ವಿಷಯ ಅಂತಲೂ ಅಲ್ಲ. ಡೆನ್ಮಾರ್ಕ್ ದೇಶದ ಸರ್ಕಾರಿ ಅಂಚೆ 2025ರ ಕೊನೆಗೆ ಮನೆಮನೆಗೆ ಕಾಗದ ಹಂಚುವುದನ್ನೇ ನಿಲ್ಲಿಸಿತು, ನಾನೂರು ವರ್ಷದ ಸೇವೆ. ನಮ್ಮಲ್ಲೂ ಪೋಸ್ಟ್‌ಮ್ಯಾನ್ ಈಗ ತರೋದು ಬ್ಯಾಂಕಿನ ನೋಟಿಸು, ಎಲ್‌ಐಸಿ ಕಾಗದ, ಆಧಾರ್ ಕಾರ್ಡು. ನಿಮ್ಮ ತಾತ ಬೊಂಬಾಯಿಯಿಂದಲೋ ಮಸ್ಕತ್‌ನಿಂದಲೋ ಬರೆದ ಕಾಗದದಲ್ಲಿ ಆಗಿನ ಬೆಲ್ಲದ ರೇಟು, ನಾಲೆಗೆ ನೀರು ಬಿಟ್ಟ ತಾರೀಖು, ಯಾರಿಗೆ ಎಷ್ಟು ಸಾಲ ಕೊಡಬೇಕು ಅನ್ನೋದೆಲ್ಲ ಇರುತ್ತೆ. ಯಲಿಯೂರಿನ ಬಗ್ಗೆ ಯಾರೂ ಪುಸ್ತಕ ಬರೆಯದ ವಿಷಯ ಅದು.

ಕಟ್ಟು ಸಿಕ್ಕರೆ ಏನು ಮಾಡಬೇಕು?

ಮೊದಲು ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ತೆಗೆಯಿರಿ. ಕಾಗದವನ್ನು ತಿನ್ನೋದು ಅದರ ತುಕ್ಕು. ಅಂಗಡಿಯಲ್ಲಿ ಬಿಲ್ಲು ಚುಚ್ಚೋ ಹಾಗೆ ಕಂಬಿಗೆ ಚುಚ್ಚಿದ್ದರೆ ನಿಧಾನಕ್ಕೆ ಬಿಡಿಸಿ, ಎಳೀಬೇಡಿ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಒಳ್ಳೇದಾಗುತ್ತೆ ಅಂತ ಮಾಡಿಸ್ತಾರೆ, ಆಮೇಲೆ ಅದನ್ನು ಬಿಡಿಸೋಕೆ ಆಗಲ್ಲ. ಹರಿದಿದ್ದರೆ ಸೆಲ್ಲೋಟೇಪ್ ಬೇಡ, ಕೆಲವೇ ವರ್ಷದಲ್ಲಿ ಕಂದು ಬಣ್ಣದ ಪಟ್ಟಿ ಉಳಿಯುತ್ತೆ. ಒಣಗಿದ ಜಾಗ, ರಟ್ಟಿನ ಡಬ್ಬ, ವರ್ಷಕ್ಕೊಂದು ಸಲ ನೆರಳಲ್ಲಿ ಗಾಳಿಗೆ ಹರಡೋದು, ಇಷ್ಟು ಸಾಕು. ಮೊಬೈಲಿನಲ್ಲಿ ಎರಡೂ ಬದಿ ಫೋಟೊ ತೆಗೆಯಿರಿ. ವಿಳಾಸ, ಅಂಚೆ ಮುದ್ರೆ ಇರೋ ಬದಿಯನ್ನೂ ಬಿಡಬೇಡಿ. ಎಷ್ಟೋ ಸಲ ತಾರೀಖು ಸಿಗೋದು ಮುದ್ರೆಯಲ್ಲೇ. ಯಾರು ಯಾರಿಗೆ ಬರೆದದ್ದು ಅಂತ ಬೇರೆ ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ. "ಚಿಕ್ಕಪ್ಪ" ಅಂದರೆ ಯಾವ ಚಿಕ್ಕಪ್ಪ ಅಂತ ಹೇಳೋರು ಇನ್ನು ಹತ್ತು ವರ್ಷಕ್ಕೆ ಇರ್ತಾರೋ ಇಲ್ಲವೋ.

ಹೆಸರಾಂತರು ಬರೆದ ಕಾಗದ ಸಿಕ್ಕರೆ ಕಾನೂನಿನ ಒಂದು ಅಂಶ ತಿಳಿದಿರಲಿ. ಹಾಳೆ ನಿಮ್ಮದು, ಅದರಲ್ಲಿರುವ ಬರಹದ ಹಕ್ಕು ಬರೆದವರದು. ಅವರು ತೀರಿಕೊಂಡ ಮೇಲೂ ದಶಕಗಳ ಕಾಲ ಅವರ ವಾರಸುದಾರರದು. ಅಂದರೆ ನೀವು ಇಟ್ಟುಕೊಳ್ಳಬಹುದು, ಮಾರಬಹುದು, ಸಂಸ್ಥೆಗೆ ಕೊಡಬಹುದು. ಅವರನ್ನು ಕೇಳದೆ ಪುಸ್ತಕ ಮಾಡಿ ಅಚ್ಚು ಹಾಕಿಸುವ ಹಾಗಿಲ್ಲ, ಫೇಸ್‌ಬುಕ್ಕಿಗೆ ಪೂರ್ತಿ ಹಾಕೋದೂ ಸರಿಯಲ್ಲ. ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿಯೂ ಮೈಸೂರಿನಲ್ಲೇ ಇದೆ. ಯಲಿಯೂರಿನಿಂದ ರೈಲು ಹತ್ತಿದರೆ ಸುಮಾರು ಒಂದು ಗಂಟೆ. ಮಾರುವ ಮೊದಲು ಒಂದು ಸಲ ತೋರಿಸಿ ವಿಚಾರಿಸಬಹುದು.

ಕೊನೆಯದಾಗಿ, ಕಟ್ಟಿನಲ್ಲಿ ಇನ್ನೂ ಒಡೆಯದ ಏರೋಗ್ರಾಮ್ ಏನಾದರೂ ಸಿಕ್ಕರೆ ಬೆರಳು ಹಾಕಿ ಹರಿಯಬೇಡಿ. ಅಂಟಿಸಿದ ಅಂಚಿನ ಒಳಗೂ ಬರೆದಿರುತ್ತಾರೆ. ತೆಳುವಾದ ಚಾಕು ತಗೊಂಡು ಅಂಟಿನ ಉದ್ದಕ್ಕೂ ಮೆಲ್ಲಗೆ ಬಿಡಿಸಿ.